ಹೋರಿ ಯಾರು, ಕಬ್ಬು ಯಾರು

ಅಕ್ಟೋಬರ್ 7, ಸೋಮವಾರ

ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಆದರೆ ಕನ್ನಡ ಓದಲು ಬರುವುದು ನನಗೊಬ್ಬಳಿಗೇ. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಹಾಸ್ಟೆಲಿನ ಗೆಳತಿ ಅಕ್ಷರ ಕಲಿಸಿದ್ದಳು. ತಮಿಳುನಾಡಿನ ಈ ಓಡೈಪಟ್ಟಿಯಲ್ಲಿ ಡೈರಿಗೆ ಇದಕ್ಕಿಂತ ಗಟ್ಟಿಯಾದ ಬೀಗ ಸಿಗಲಾರದು. ಆದ್ದರಿಂದ ಇಲ್ಲಿ ನಿಜ ಬರೆಯಬಹುದು.

ನಿಜವೆಂದರೆ, ಮಗಳು ಅಮುದಾಳನ್ನು ಶಾಲೆ ಬಿಡಿಸಿದ್ದು ಸರಿಯೋ ತಪ್ಪೋ ನನಗೆ ಇನ್ನೂ ಗೊತ್ತಾಗಿಲ್ಲ. ನಮ್ಮ ಜನದ ಸಂಘ ನಡೆಸುವ ಶಾಲೆಯಲ್ಲಿ ಅವಳು ಕಳೆದ ವರ್ಷವಿಡೀ ಒಂದು ಮಾತು ಆಡಲಿಲ್ಲ. ಹಾಜರಿ ಕರೆದಾಗ ಎದ್ದು ನಿಲ್ಲುತ್ತಿದ್ದಳಂತೆ, ಅಷ್ಟೇ. ಮನೆಗೆ ಬಂದರೆ ಮಾತು ನಿಲ್ಲುತ್ತಿರಲಿಲ್ಲ. ಮಧುರೆಯ ಡಾಕ್ಟರು, "ಮಗುವಿಗೆ ಕಾಯಿಲೆ ಇಲ್ಲ. ಎಲ್ಲಿ ಮಾತಾಡುತ್ತಾಳೋ ಅಲ್ಲಿ ಇರಲು ಬಿಡಿ. ಇಲ್ಲದಿದ್ದರೆ ಅಲ್ಲೂ ನಿಂತೀತು" ಎಂದರು. ಸೆಪ್ಟೆಂಬರಿನಿಂದ ನಾನೇ ಪಾಠ ಹೇಳುತ್ತಿದ್ದೇನೆ.

ಪಾಠ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಹೇಳುವುದು ಕಷ್ಟ. ಇವತ್ತು ಗುಣಾಕಾರ ಮಾಡೋಣವೆಂದು ತೋಟಕ್ಕೆ ಹೋದೆವು. ದ್ರಾಕ್ಷಿ ಚಪ್ಪರದ ಕೆಳಗೆ ಕುಳಿತೊಡನೆ ಅವಳು ಕೇಳಿದಳು:

"ಅಮ್ಮಾ, ಬೀಜ ಇಲ್ದಿರ ದ್ರಾಕ್ಷಿಗೆ ಅಪ್ಪ ಅಮ್ಮ ಯಾರು?"

"ಬಳ್ಳಿ ಕಡ್ಡಿನ ಕತ್ತರಿಸಿ ನೆಡ್ತಾರೆ. ಆ ಹಳೇ ಬಳ್ಳಿನೇ ಅಮ್ಮ."

"ಅಪ್ಪೊ ಹಂಗಾದ್ರೆ ಅಮ್ಮನೂ ಅದೇ, ಮಗಳೂ ಅದೇನಾ? ಬೈಯೋದಾದ್ರೆ ಯಾರು ಯಾರ್ನ ಬೈಯ್ತಾರೆ?"

ಮಧ್ಯಾಹ್ನದವರೆಗೆ ಇದೇ. ಗುಣಾಕಾರ ಆಗಲಿಲ್ಲ. ಇದನ್ನು ಪಾಠ ಎನ್ನಬಹುದೇ?

ಅಕ್ಟೋಬರ್ 12, ಶನಿವಾರ

ವಿಜಯದಶಮಿ. ದೊಡ್ಡಮಾವ ಕಾಳಿಯಪ್ಪನ್ ಬಂದರು. ನನ್ನ ಮಾವನವರ ಅಣ್ಣ, ಸಂಘದ ಅಧ್ಯಕ್ಷರು. ತಿಂಡಿ ತಿಂದು, ಕೈ ತೊಳೆದು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

"ಏನ್ ತಾಯೀ, ಪಿಳ್ಳೆಗೆ ನೀನೇ ವಾದ್ಯಾರಂತೆ, ನೀನೇ ಪಾಠ ಹೇಳ್ತೀಯಂತೆ. ಏನ್ ಓದಿದ್ದೀಯೆ?"

"ಎಂ.ಎ. ಇಂಗ್ಲಿಷ್, ದೊಡ್ಡಮಾವ."

"ಅದು ನೀ ಓದಿದ್ದು. ಓದ್ಸಾಕೆ ಏನ್ ಓದಿದ್ದೀಯೆ?"

ಮನೆಯಲ್ಲಿ ಕಲಿಸುವ ತಾಯಿಗೆ ಬಿ.ಎಡ್. ಇರಬೇಕೆಂದು ನಾನು ಹುಡುಕಿದ ಮಟ್ಟಿಗೆ ಎಲ್ಲೂ ಬರೆದಿಲ್ಲ ಎಂದೆ.

"ಬರ್ದಿಲ್ಲ ಅಂದ್ರೆ ಬೇಡ ಅಂತಾನಾ? ನಾಳೆ ಮೊಮ್ಮಗನ ಹಲ್ಲು ನಾನೇ ಕೀಳ್ತೀನಿ ಅಂತ ಇಕ್ಕಳ ತಕ್ಕೊಂಡ್ರೆ ಸುಮ್ನಿರ್ತೀಯಾ?"

ಅತ್ತೆ ಕರುಪ್ಪಾಯಿ ಅಡುಗೆಮನೆಯಿಂದಲೇ ಹೇಳಿದರು: "ನಾನು ಐದು ಹೆತ್ತೆ. ಒಬ್ಬನೂ ಬಂದು ಸರ್ಟಿಫಿಕೇಟ್ ಕೇಳ್ಲಿಲ್ಲ."

"ಹೆರೋದು ಬೇರೆ, ಕಲ್ಸೋದು ಬೇರೆ ಕರುಪ್ಪಾಯಿ."

"ಹೌದೌದು. ಗಂಡಸ್ರು ಹೆರೋ ಹಂಗಿದ್ರೆ ಅದಕ್ಕೂ ಒಂದು ಸಂಘ ಮಾಡಿರ್ತಿದ್ರು."

ಕೊನೆಗೆ ಗಡುವು ಕೊಟ್ಟರು. ಪೊಂಗಲ್‌ ಹಬ್ಬದೊಳಗೆ ನಾನು ಅರ್ಹತೆ ತೋರಿಸಬೇಕು. ಇಲ್ಲದಿದ್ದರೆ ಅಮುದಾ ಅದೇ ಶಾಲೆಗೆ ವಾಪಸು. ಅವರು ಹೋದ ಮೇಲೆ ನನ್ನ ಗಂಡ ಮಾರಿಮುತ್ತು ಹೇಳಿದ: "ದೊಡ್ಡಯ್ಯನ ಮಾತು ಮೀರೋಕೆ ನನ್ನ ಕೈಲಾಗಲ್ಲ, ಮಣಿ. ಏನಾದ್ರೂ ಒಂದು ಕಾಗ್ದ ತಂದ್ಬಿಡು."

ಅಮುದಾ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಳು. ಆ ಶಾಲೆಯ ಹೆಸರು ಬಂದಾಗ ಕೆಳತುಟಿಯನ್ನು ಒಳಗೆಳೆದುಕೊಂಡಳು. ಆಗ ನಿಶ್ಚಯಿಸಿದೆ. ಏನು ಬೇಕಾದರೂ ಕಲಿಯುತ್ತೇನೆ, ಇವಳನ್ನು ಅಲ್ಲಿಗೆ ಕಳಿಸುವುದಿಲ್ಲ.

ಅಕ್ಟೋಬರ್ 20, ಭಾನುವಾರ

ದಿಂಡಿಗಲ್. ಮಾರಿಮುತ್ತುವಿನ ದೂರದ ಅಕ್ಕ ಜೆಯಲಕ್ಷ್ಮಿ ಅಲ್ಲಿ ಶಿಕ್ಷಕರ ಪರೀಕ್ಷೆಗೆ ಕೋಚಿಂಗ್ ನಡೆಸುತ್ತಾರೆ, ಬೀಗದ ಅಂಗಡಿಯೊಂದರ ಮಾಳಿಗೆಯಲ್ಲಿ. ಬಿ.ಎಡ್.ಗೆ ಎರಡು ವರ್ಷ ಬೇಕು, ಪೊಂಗಲ್ ಅಷ್ಟು ಕಾಯುವುದಿಲ್ಲ. ಭಾನುವಾರ ಬಂದು ಕಲಿತರೆ ತರಬೇತಿಯ ಪ್ರಮಾಣಪತ್ರ ಕೊಡುತ್ತೇನೆಂದರು.

ನಾವು ಏಳೆಂಟು ಜನ. ಸರದಿಯಂತೆ ಒಬ್ಬರು ಟೀಚರು, ಉಳಿದವರು ನಾಲ್ಕನೇ ಕ್ಲಾಸಿನ ಮಕ್ಕಳು. ಐವತ್ತು ದಾಟಿದ ಪಾಂಡಿ ಎನ್ನುವವರು ಪಕ್ಕದವರ ಜಡೆ ಎಳೆದು ಮಗುವಿನ ಪಾತ್ರವನ್ನು ಬಹಳ ನಿಜವಾಗಿ ಮಾಡಿದರು. ಅವರನ್ನು ಬೆಂಚಿನ ಮೇಲೆ ನಿಲ್ಲಿಸಲಾಯಿತು. ಬೆಂಚು ಮುರಿಯಿತು.

ಆಮೇಲೆ ಜೆಯಲಕ್ಷ್ಮಿ ಅಕ್ಕ ನನ್ನನ್ನು ಕೇಳಿದರು: "ಪಾಠದ ಮಧ್ಯೆ ಮಗು ಸಂಬಂಧ ಇಲ್ಲದ ಪ್ರಶ್ನೆ ಕೇಳಿದ್ರೆ ಏನು ಮಾಡ್ತೀ?"

"ಉತ್ತರ ಹೇಳ್ತೀನಿ."

ಎಲ್ಲರೂ ನಕ್ಕರು. ಪಾಂಡಿ ಕೂಡ.

"ಹೇಳಬಾರದು. ಹಲಗೆಯ ಮೂಲೇಲಿ 'ಆಮೇಲೆ' ಅಂತ ಒಂದು ಚೌಕ ಹಾಕಿ, ಪ್ರಶ್ನೆನ ಅದರೊಳಗೆ ಬರೆದಿಟ್ಟು ಪಾಠ ಮುಂದುವರಿಸಬೇಕು. ಮಗುವಿಗೂ ಗೌರವ, ಪಾಠಕ್ಕೂ ಗೌರವ."

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ಇಷ್ಟು ದಿನ ನಾನು ಮಾಡಿದ್ದು ಬರಿಯ ಹರಟೆಯೇ ಇರಬಹುದು. ಶಿಸ್ತು ಎಂಬುದನ್ನು ನಾನು ಸುಮ್ಮನೆ ಹಗುರವಾಗಿ ಕಂಡಿದ್ದೆನೇ?

ಅಕ್ಟೋಬರ್ 22, ಮಂಗಳವಾರ

ಚೌಕ ಹಾಕಿದೆ. ಮಧ್ಯಾಹ್ನದೊಳಗೆ ತುಂಬಿತು. ದೊಡ್ಡ ಚೌಕ ಹಾಕಿದೆ. ಅದೂ ತುಂಬಿ, ಗುಣಾಕಾರಕ್ಕೆ ಒಂದು ಸಾಲಿನ ಜಾಗ ಉಳಿಯಿತು. ಇನ್ನೊಂದು ಹಲಗೆ ತರಬೇಕು.

ನವೆಂಬರ್ 11, ಸೋಮವಾರ

ವ್ಯವಸ್ಥೆ ಬಂದಿದೆ. ಒಂಬತ್ತಕ್ಕೆ ಗಂಟೆ. ಅತ್ತೆಯ ಪೂಜೆಯ ಗಂಟೆಯನ್ನೇ ಬಾರಿಸುತ್ತೇನೆ. ಅವರು ಮೊದಲೆರಡು ದಿನ ಎಲ್ಲಿದ್ದರೂ ಕೈ ಮುಗಿದರು, ಈಗ ಬೈಯುತ್ತಾರೆ. ಅಮುದಾಳಿಗೆ ನೀಲಿ ಲಂಗ, ಬಿಳಿ ಅಂಗಿ. ನನಗೆ ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೊರಳಲ್ಲಿ ಹೆಸರಿನ ಬಿಲ್ಲೆ.

ಕ್ಲಾಸ್ ಲೀಡರ್ ಇರಬೇಕು ಎಂದು ಅಕ್ಕ ಹೇಳಿದ್ದರಿಂದ ಚುನಾವಣೆ ನಡೆಯಿತು. ಅಮುದಾ ಅವಿರೋಧವಾಗಿ ಆಯ್ಕೆಯಾದಳು. ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಹಲಗೆಯ ಮೇಲೆ ಬರೆಯುವುದು ಲೀಡರಿನ ಕೆಲಸ. ಕುಕ್ಕರ್ ಇಳಿಸಿ ಬಂದು ನೋಡಿದರೆ ಹಲಗೆಯ ಮೇಲೆ 'ಅಮುದಾ' ಎಂದು ದುಂಡಗೆ ಬರೆದಿತ್ತು.

"ಯಾರ ಜೊತೆ ಮಾತಾಡ್ದೆ?"

"ಹಲ್ಲಿ ಜೊತೆ. ಅದು ಮಾತಾಡ್ಲಿಲ್ಲ, ಅದಕ್ಕೆ ಅದರ ಹೆಸರು ಬರೀಲಿಲ್ಲ."

ಪ್ರಾಮಾಣಿಕತೆಗೆ ಐದು ಅಂಕ ಕೊಟ್ಟೆ, ಮಾತಿಗೆ ಎರಡು ಕಳೆದೆ.

ನವೆಂಬರ್ 18, ಸೋಮವಾರ

ಹಲಗೆಯ ಮೇಲೆ ಈಗ ಯಾರ ಹೆಸರೂ ಇರುವುದಿಲ್ಲ. 'ಆಮೇಲೆ' ಚೌಕವೂ ಖಾಲಿ. ಏಳರ ಮಗ್ಗಿ ಮುಗಿಯಿತು. ವಿಧಾನ ಫಲ ಕೊಡುತ್ತದೆ ಎಂದು ಒಪ್ಪಿಕೊಳ್ಳಬೇಕು.

ನವೆಂಬರ್ 24, ಭಾನುವಾರ

ಜೆಯಲಕ್ಷ್ಮಿ ಅಕ್ಕ ಪರಿವೀಕ್ಷಣೆಗೆ ಮನೆಗೇ ಬಂದರು, ಭಾನುವಾರವಾದರೂ ಶಾಲೆ ನಡೆಸಿದೆವು. ಭಿನ್ನರಾಶಿ. ಅಮುದಾ ಒಂದು ಲೆಕ್ಕ ಸರಿ ಮಾಡಿ, ಎದ್ದು ಬಂದು ನನ್ನ ಸೊಂಟ ತಬ್ಬಿಕೊಂಡಳು. ಅಕ್ಕ ಪೆನ್ನು ತೆಗೆದರು.

"ಮಣಿಮೇಗಲೈ, ಇಲ್ಲೇ ಇರೋದು ಕೊರತೆ. ನೀನು ಅಮ್ಮನೂ ಆಗಿ ಟೀಚರೂ ಆಗಿ ನಿಂತ್ರೆ ಮಗು ಯಾರ ಮಾತು ಕೇಳಬೇಕು? ಒಂಬತ್ತರಿಂದ ನಾಲ್ಕು ನೀನು ಮಿಸ್. ತಬ್ಬೋದೆಲ್ಲ ನಾಲ್ಕರ ಮೇಲೆ."

ಅತ್ತೆ ಕಾಫಿ ತಂದವರು ಬಾಗಿಲಲ್ಲೇ ನಿಂತರು. "ಇವಳು ಇನ್ನೂ ನನಗೆ ಸೊಸೆನಾ, ಇಲ್ಲ ಅದೂ ನಾಲ್ಕರ ಮೇಲಾ? ಮಾವು ಅರೆಯೋದಿದೆ."

ಮಾವು ಎಂದರೆ ಇಲ್ಲಿ ಹಿಟ್ಟು. ಅಕ್ಕ ಅದನ್ನೂ ಬರೆದುಕೊಂಡರು: ಶಾಲಾ ಅವಧಿಯಲ್ಲಿ ಹೊರಗಿನವರ ಅಡಚಣೆ.

ಡಿಸೆಂಬರ್ 4, ಬುಧವಾರ

ಪೋಷಕರ ಸಭೆ. ನಡೆಸಲೇಬೇಕೆಂದು ಅಕ್ಕ ಹೇಳಿದ್ದರು. ಮಾರಿಮುತ್ತು ದ್ರಾಕ್ಷಿ ಲಾರಿ ಕಳಿಸಿ, ಅಂಗಿ ಬದಲಾಯಿಸಿ, ತಲೆ ಬಾಚಿ ಬಂದು ಅಮುದಾಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತ.

"ವಣಕ್ಕಂ ಟೀಚರ್."

"ವಣಕ್ಕಂ. ಅಮುದಾ ಓದಿನಲ್ಲಿ ಚೆನ್ನಾಗಿದ್ದಾಳೆ. ಮನೆಯಲ್ಲಿ ಹೇಗಿರ್ತಾಳೆ?"

"ಮೊದ್ಲು ಬಾಯಿ ಮುಚ್ತಿರ್ಲಿಲ್ಲ ಟೀಚರ್. ಈಗ ಸ್ವಲ್ಪ ಕಮ್ಮಿ."

"ತಾಯಿ ಯಾಕೆ ಬಂದಿಲ್ಲ?"

ಅವನು ನನ್ನ ಕೊರಳಿನ ಬಿಲ್ಲೆ ನೋಡಿದ. ತಮಾಷೆ ಮಾಡುತ್ತಾನೆಂದುಕೊಂಡೆ, ಮಾಡಲಿಲ್ಲ. "ಅವ್ಳಿಗೆ ಪುರುಸೊತ್ತಿಲ್ಲ ಟೀಚರ್. ಯಾವಾಗ್ಲೂ ಏನೋ ಪಾಠ ತಯಾರಿ."

ನಡಾವಳಿಯಲ್ಲಿ ಬರೆದೆ: ತಂದೆ ಹಾಜರು. ತಾಯಿ ಗೈರುಹಾಜರು.

ಡಿಸೆಂಬರ್ 15, ಭಾನುವಾರ

ಪ್ರಮಾಣಪತ್ರ ಸಿಕ್ಕಿತು. ಚಿನ್ನದ ಬಣ್ಣದ ಅಂಚು. ಪಾಂಡಿಗೂ ಸಿಕ್ಕಿತು.

ಡಿಸೆಂಬರ್ 22, ಭಾನುವಾರ

ಉತ್ತಮಪಾಳಯದಲ್ಲಿ ಸಂಘದ ಸಭೆ. ನನ್ನ ಪ್ರಮಾಣಪತ್ರ ಕೈಯಿಂದ ಕೈಗೆ ಹೋಗಿ ಚಿನ್ನಸಾಮಿಯವರ ಬಳಿ ನಿಂತಿತು. ಸಂಘದ ಶಾಲೆಯ ನಿವೃತ್ತ ಹೆಡ್‌ಮಾಸ್ಟರು; ಈಗಲೂ ದಿನಾ ಶಾಲೆಗೆ ಹೋಗುತ್ತಾರೆ, ಹೋಗಬೇಡಿ ಎನ್ನಲು ಯಾರಿಗೂ ಧೈರ್ಯವಿಲ್ಲ.

"ಇದು ಬಿ.ಎಡ್. ಅಲ್ಲ," ಎಂದರು. "ಮಗುವನ್ನು ನನಗೆ ಒಪ್ಪಿಸಿ. ನಲವತ್ತು ವರ್ಷದ ಅನುಭವ."

ಅತ್ತೆ ಹೆಂಗಸರ ಸಾಲಿನಿಂದ ಹೇಳಿದರು: "ನಿಮ್ಮತ್ರ ಒಂದು ವರ್ಷ ಇತ್ತಲ್ಲ, ಪಿಳ್ಳೆ ವಣಕ್ಕಂ ಅನ್ಲಿಲ್ಲ."

ಗದ್ದಲವಾಯಿತು. ಅರ್ಧ ಜನ ಕಲಿಸುವವರಿಗೆ ಓದು ಬೇಕೆಂದರು, ಅರ್ಧ ಜನ ತಾಯಿಗೆ ಯಾವ ಓದು ಎಂದರು. ಆಗ ದೊಡ್ಡಮಾವ ಎದ್ದು ನಿಂತರು.

"ನಮ್ಮ ದೇವರ ದನಕ್ಕೆ ಪಟ್ಟದ ಹೋರಿನ ಹೆಂಗೆ ಆರಿಸ್ತೀವಿ? ಯಾವ ಕಾಲೇಜಲ್ಲಿ ಓದ್ತು ಅಂತ ಕೇಳ್ತೀವಾ?"

ಸಭೆ ತಣ್ಣಗಾಯಿತು. ನಮ್ಮ ಜನಕ್ಕೆ ದೇವರ ದನಗಳ ದೊಡ್ಡಿಯೊಂದಿದೆ. ಪಟ್ಟದ ಹೋರಿ ಸತ್ತರೆ ಮುಂದಿನದನ್ನು ಮನುಷ್ಯರು ಆರಿಸುವುದಿಲ್ಲ. ಕಬ್ಬಿನ ಕಟ್ಟು ಇಟ್ಟು ಮಂದೆಯನ್ನು ಬಿಡುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಅರಿಶಿನ ಹಚ್ಚಿ ಪಟ್ಟ ಕಟ್ಟುತ್ತಾರೆ. ಅದರ ಮೇಲೆ ಅಪೀಲಿಲ್ಲ.

"ಹಂಗೇ ಮಾಡಿ ಮುಗಿಸೋಣ," ಎಂದರು ದೊಡ್ಡಮಾವ. ಎಲ್ಲರೂ ಒಪ್ಪಿದರು. ಒಪ್ಪಿದ ಮೇಲೆ ಕಷ್ಟ ಶುರುವಾಯಿತು.

ಪಟ್ಟ ಸಿಗುವುದು ಹೋರಿಗೆ. ಇಲ್ಲಿ ಪಟ್ಟ ಸಿಗಬೇಕಾದದ್ದು ಟೀಚರಿಗೆ. ಹಾಗಾದರೆ ನಾನು ಮತ್ತು ಚಿನ್ನಸಾಮಿ ಹೋರಿಗಳು, ಮಗು ಕಬ್ಬು. ನಮ್ಮಿಬ್ಬರನ್ನು ದೊಡ್ಡಿಯ ಬಾಗಿಲಿನಿಂದ ಬಿಡಬೇಕು, ಯಾರು ಮೊದಲು ಮಗುವನ್ನು ಮುಟ್ಟುತ್ತಾರೋ ಅವರಿಗೆ ಮಗು.

"ನನಗೆ ಮಂಡಿ ನೋವು," ಎಂದರು ಚಿನ್ನಸಾಮಿ. "ಇದು ಓಟದ ಪಂದ್ಯ ಅಲ್ಲ."

"ಹೋರಿಗೂ ಮಂಡಿ ಇದೆ ಸಾರ್," ಎಂದರು ಯಾರೋ.

"ಅಪ್ಪೊ ಮಗು ಹೋರಿ ಆಗ್ಲಿ, ಇವರಿಬ್ರೂ ಕಬ್ಬು."

"ಮಗು ಹೋರಿ ಆದ್ರೆ ಪಟ್ಟ ಮಗೂಗೆ ಹೋಗತ್ತಲ್ಲ. ಅದು ತನಗೆ ತಾನೇ ವಾದ್ಯಾರಾ?"

ಅತ್ತೆ ಎದ್ದರು. "ಕಬ್ಬು ಯಾರು ಅಂತ ಬೇಗ ಹೇಳಿ. ಕೊನೇ ಬಸ್ಸಿದೆ."

ತೀರ್ಮಾನ: ಪೊಂಗಲಿನ ಮೂರನೇ ದಿನ ನಾವಿಬ್ಬರೂ ಒಂದೊಂದು ಕಟ್ಟು ಕಬ್ಬು ಹಿಡಿದು ನಿಲ್ಲುವುದು. ಮಗುವನ್ನು ಬಿಡುವುದು. ಯಾರ ಹತ್ತಿರ ಹೋಗುತ್ತಾಳೋ ಅವರೇ ಟೀಚರು.

ತಾಯಿ ಎದುರಿಗಿರುವಾಗ ಮಗು ಎಲ್ಲಿ ಹೋಗುತ್ತದೆ ಎಂದು ಮಾರಿಮುತ್ತು ದಾರಿಯುದ್ದಕ್ಕೂ ನಗುತ್ತಿದ್ದ. ನನಗೆ ಅಷ್ಟು ಭರವಸೆಯಿಲ್ಲ. ಅಮುದಾ ಈಚೆಗೆ ನಾನು ಹೇಳದೆ ಜಾಗ ಬಿಟ್ಟು ಏಳುವುದಿಲ್ಲ. ಇದು ಒಳ್ಳೆಯ ಅಭ್ಯಾಸವೇ, ಆದರೆ ಆ ದಿನಕ್ಕೆ ಅನುಕೂಲವಲ್ಲ.

ಜನವರಿ 3, ಶುಕ್ರವಾರ

ಸಂಜೆ ಏಳರವರೆಗೆ ವಿಶೇಷ ತರಗತಿ. ಹೊಲದಿಂದ ಒಂದು ಕಬ್ಬು ತಂದು ಅಂಗಳದ ಆ ತುದಿಯಲ್ಲಿ ನಿಂತು ಅಭ್ಯಾಸ ಮಾಡಿಸುತ್ತಿದ್ದೇನೆ. "ಈಗ ನಡೆದು ಬಾ" ಎಂದರೆ ಬರುತ್ತಾಳೆ. ಹೇಳದಿದ್ದರೆ ನಿಂತೇ ಇರುತ್ತಾಳೆ. ಸ್ವಂತ ಬುದ್ಧಿಯಿಂದ ಬರಬೇಕು ಎಂದು ಎಷ್ಟು ಸಲ ಹೇಳಿಕೊಟ್ಟರೂ ಹೇಳಿಕೊಟ್ಟಂತೆಯೇ ಬರುತ್ತಾಳೆ.

ಜನವರಿ 9, ಗುರುವಾರ

ಎಲ್ಲ ಲೆಕ್ಕ ಸರಿ. ಇಡೀ ದಿನ ಶಾಂತ. ಏಕಾಗ್ರತೆ ಹೆಚ್ಚಿದೆ ಎಂದುಕೊಳ್ಳುತ್ತೇನೆ.

ಜನವರಿ 16, ಗುರುವಾರ

ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ, ಕೈ ಇನ್ನೂ ಅರಿಶಿನವಾಗಿದೆ.

ದೊಡ್ಡಿಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಬೇಲಿಯ ಆಚೆ ದನಗಳೂ ನೋಡುತ್ತಿದ್ದವು. ಕಬ್ಬು ಕಂಡು ಅವಕ್ಕೆ ಬಹಳ ಆಸಕ್ತಿ. ಚಿನ್ನಸಾಮಿಯವರಿಗೆ ಮಂಡಿಯ ಕಾರಣ ಕುರ್ಚಿ ಕೊಟ್ಟರು. ನಾನು ಇಸ್ತ್ರಿ ಸೀರೆ, ಬಿಲ್ಲೆ, ಕಬ್ಬು. ಅಮುದಾ ನೀಲಿ ಲಂಗದಲ್ಲಿ ಎದುರಿಗೆ ಒಬ್ಬಳೇ ನಿಂತಿದ್ದಳು. ದೊಡ್ಡಮಾವ ಟವೆಲ್ ಬೀಸಿದರು.

ಅವಳು ಕದಲಲಿಲ್ಲ. ಕರೆಯಬಾರದು, ಸನ್ನೆ ಮಾಡಬಾರದು ಎಂದು ನಿಯಮ. ಚಿನ್ನಸಾಮಿ ಕಬ್ಬನ್ನು ಮೆಲ್ಲಗೆ ಅಲ್ಲಾಡಿಸಿದರು. ಅತ್ತೆ, "ವಾದ್ಯಾರೇ, ಕಾಪಿ ಹೊಡೀಬೇಡಿ" ಎಂದರು. ಜನ ಪಿಸುಗುಟ್ಟತೊಡಗಿದರು. ಅವಳು ಕೆಳತುಟಿಯನ್ನು ಒಳಗೆಳೆದುಕೊಂಡು ನಿಂತಿದ್ದಳು. ಸೋತೆ ಎಂದುಕೊಂಡೆ.

ಆಗ ಅವಳು ಬಲಗೈ ಎತ್ತಿದಳು. ನನ್ನನ್ನೇ ನೋಡುತ್ತ, ಅಷ್ಟು ಜನರ ಎದುರು, ಸ್ಪಷ್ಟವಾಗಿ ಕೇಳಿದಳು:

"ಮಿಸ್, ನಾನು ಬರಲಾ?"

ಮೊದಲು ಎದ್ದವರು ಚಿನ್ನಸಾಮಿಯೇ, ಮಂಡಿ ಮರೆತು. "ನನ್ನ ಹತ್ರ ಬಾಯಿ ಬಿಡದ ಹುಡ್ಗಿ. ಹೆತ್ತ ತಾಯಿನ ಮಿಸ್ ಅಂದು ಅನುಮತಿ ಕೇಳ್ತಾಳೆ. ನಲವತ್ತು ವರ್ಷದಲ್ಲಿ ಇಂಥ ಶಿಸ್ತು ನಾನು ನೋಡಿಲ್ಲ. ಈಕೆಗೆ ಬಿ.ಎಡ್. ಯಾಕೆ?"

ದೊಡ್ಡಮಾವ ನನ್ನ ಹಣೆಗೆ, ಕೆನ್ನೆಗೆ, ಮೊಣಕೈವರೆಗೆ ಅರಿಶಿನ ಹಚ್ಚಿದರು. ಹೋರಿಯ ಕೊಂಬಿಗೆ ಕಟ್ಟುವ ರೇಷ್ಮೆ ಪಟ್ಟಿಯನ್ನು ಎಲ್ಲಿ ಕಟ್ಟುವುದೆಂದು ಸ್ವಲ್ಪ ಚರ್ಚೆಯಾಗಿ ಕೊನೆಗೆ ಜಡೆಗೆ ಕಟ್ಟಿದರು. ಪದ್ಧತಿಯಂತೆ ಒಂದು ತುಂಡು ಕಬ್ಬು ಎಲ್ಲರ ಮುಂದೆ ತಿನ್ನಬೇಕಾಯಿತು. ಯಾರೋ ನನ್ನ ಬೆನ್ನು ತಟ್ಟಿ ಪಕ್ಕಕ್ಕೆ ಸರಿಸಿದರು, ಬಹುಶಃ ಅಭ್ಯಾಸಬಲ.

ಗೆದ್ದೆ. ಅಮುದಾ ಆ ಶಾಲೆಗೆ ಹೋಗಬೇಕಿಲ್ಲ. ಸಂತೋಷದಲ್ಲಿ ಅವಳಿಗೆ 'ಬಾ' ಎಂದು ಹೇಳುವುದೇ ಮರೆತಿದ್ದೆ. ಜನ ಚದುರಿದ ಮೇಲೆ ನೋಡಿದರೆ ಅಲ್ಲೇ ನಿಂತಿದ್ದಳು, ಕೈ ಇನ್ನೂ ಮೇಲಿತ್ತು.

ಜನವರಿ 21, ಮಂಗಳವಾರ

ಪಟ್ಟ ಕಟ್ಟಿಸಿಕೊಂಡವಳು ಸಡಿಲ ಬಿಡಬಾರದೆಂದು ವಿಶೇಷ ತರಗತಿಗಳನ್ನು ಮುಂದುವರಿಸಿದ್ದೇನೆ. ಇವತ್ತು ಸಂಜೆ ಐದು ನಿಮಿಷದ ಬಿಡುವು ಕೊಟ್ಟು ಉತ್ತರ ತಿದ್ದುತ್ತಿದ್ದೆ. ಹಿತ್ತಿಲಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಅಮುದಾಳ ದನಿ ಕೇಳಿಸಿತು. ಎಷ್ಟು ದಿನವಾಗಿತ್ತೋ, ಮೊದಲು ಬೇರೆ ಯಾರ ಮಗುವೋ ಎಂದುಕೊಂಡೆ.

"ಅಜ್ಜೀ, ಅಮ್ಮ ಎಷ್ಟೊತ್ಗೆ ಬರ್ತಾಳೆ?"

"ಆ ಮಿಸ್ ಹೋದ್ಮೇಲೆ."

"ಮಿಸ್ ಯಾವಾಗ ಹೋಗ್ತಾರೆ?"

"ಯಾರಿಗ್ಗೊತ್ತು ನನ್ ಕಣ್ಣೇ. ಆಕೆಗೆ ಮನೆ ಮಠ ಇದ್ದಂಗಿಲ್ಲ."

ತಮಾಷೆಯೇ ಎಂದು ಕಿಟಕಿಯಿಂದ ನೋಡಿದೆ. ಇಬ್ಬರೂ ನಗುತ್ತಿರಲಿಲ್ಲ.

ಕೆಂಪು ಪೆನ್ನು ಮುಚ್ಚಿಟ್ಟೆ. ಬಿಲ್ಲೆ ತೆಗೆದೆ. ಬೇರೆ ಏನು ಮಾಡಬೇಕೋ ತೋಚದೆ, ಹಿತ್ತಿಲ ಬಾಗಿಲಿಗೆ ಹೋಗಿ, "ನಾನು ಹೊರಡ್ತೀನಿ, ಪೆರಿಯಮ್ಮಾ" ಎಂದು ಹೊರಗಿನವಳಂತೆ ಹೇಳಿದೆ. ಅತ್ತೆ ತಲೆಯೆತ್ತದೆ, "ಸರಿ ಟೀಚರ್, ಹುಷಾರಾಗಿ ಹೋಗಿ" ಎಂದರು. ಮುಂಬಾಗಿಲಿನಿಂದ ಇಳಿದು ಬಸ್ ನಿಲ್ದಾಣದವರೆಗೆ ನಡೆದೆ. ಅಲ್ಲಿದ್ದ ಒಬ್ಬರು ಗೂಡಲೂರಿಗಾ ಎಂದು ಕೇಳಿದರು. ಮನೆಗೆ ಎಂದೆ. ತಿರುಗಿ ಬಂದೆ.

ಅಮುದಾ ಜಗಲಿಯ ಮೇಲೆ ಕಾಯುತ್ತಿದ್ದಳು. ಕಾಲಿಗೆ ಸುತ್ತಿಕೊಂಡಳು. ಆಮೇಲೆ ಮಾತು, ಮಾತು, ಮಾತು. ದೊಡ್ಡಿಯ ಒಂದು ಹೋರಿಯ ಕಿವಿ ಮಡಚಿದೆ. ಚಿನ್ನಸಾಮಿ ಸಾರ್ ಕಬ್ಬಿನ ಕಟ್ಟಿನಿಂದ ಒಂದು ತುಂಡು ಮುರಿದು ಜೇಬಿಗಿಟ್ಟುಕೊಂಡರು. ಅವರೆಹುಳ ನಡೆಯುವಾಗ ಬೆನ್ನೆತ್ತಿ ನಡುವೆ ಮನೆ ಕಟ್ಟುತ್ತದೆ.

"ನಿಮ್ಮ ಮಿಸ್ ಹೇಗೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಪಾಪ. ನೀರೇ ಕುಡಿಯಲ್ಲ. ಅವ್ರಿಗೂ ಯಾರಾದ್ರೂ ಬೆಲ್ ಹೊಡೀಬೇಕು." ಸ್ವಲ್ಪ ಯೋಚಿಸಿದಳು. "ಅಮ್ಮಾ, ನನ್ನ ಅಲ್ಲಿಂದ ಬಿಡ್ಸು. ಈ ಪಳ್ಳಿಕೂಡ, ಈ ಸ್ಕೂಲೇ ಬೇಡ. ನೀನೇ ಏನಾದ್ರೂ ಹೇಳ್ಕೊಡು."

"ನನಗೆ ಟ್ರೈನಿಂಗ್ ಗೀನಿಂಗ್ ಏನೂ ಇಲ್ಲ ಕಣೇ," ಎಂದೆ.

ಅವಳು ಬೀದಿಯ ಎರಡೂ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದಳು.

"ಪರ್ವಾಗಿಲ್ಲ. ನಾನು ಯಾರಿಗೂ ಹೇಳಲ್ಲ."